ಬೇಡರ ಕಣ್ಣಪ್ಪನ ಬತ್ತಳಿಕೆಗೆ ಪಟ್ಟಿ ಹೆಣೆದದ್ದು

ಈ ಸಲ ಯುಗಾದಿಗೆ ಇನ್ನೂ ಹದಿನೈದು ದಿನ ಐತೆ ಅನ್ನೋವಾಗ ನಮ್ಮಕ್ಕನ ಮಗ ಒಂದು ಬತ್ತಳಿಕೆ ಹೆಗಲಿಗೆ ಹಾಕ್ಕೊಂಡು ಮನೆಗೆ ಬಂದ. ಊರ ಹುಡುಗರೆಲ್ಲ ಸೇರಿ 'ಬೇಡರ ಕಣ್ಣಪ್ಪ' ನಾಟಕ ಆಡ್ತಾರೆ, ಇವನೇ ಕಣ್ಣಪ್ಪ. ಡ್ರೆಸ್ಸು ಬಾಡಿಗೆಗೆ ಕೊಡೋರ ಹತ್ರ ಬಿಲ್ಲು, ಬತ್ತಳಿಕೆ, ಹುಲಿ ಚರ್ಮದ ಬಟ್ಟೆ ಎಲ್ಲಾ ತಂದಿದ್ದಾನೆ. ಬತ್ತಳಿಕೆ ಪರವಾಗಿಲ್ಲ, ಬಿದಿರು ಬುಟ್ಟಿಗೆ ಬಟ್ಟೆ ಸುತ್ತಿದ್ರು. ಅದರ ಪಟ್ಟಿ ಮಾತ್ರ ಸ್ಕೂಲ್ ಬ್ಯಾಗಿಂದು! ನೀಲಿ ನೈಲಾನು, ನಡುವೆ ಪ್ಲಾಸ್ಟಿಕ್ ಬಕಲ್ಲು ಬೇರೆ.

ನಮ್ಮ ದೊಡ್ಡವ್ವ ಜಗಲಿ ಮ್ಯಾಲೆ ಕೂತು ಹುಣಸೆಹಣ್ಣು ಬಿಡಿಸ್ತಿದ್ಲು. ಒಂದ್ಸಲ ನೋಡಿದ್ಲು. "ಏನ್ಲಾ ಕಣ್ಣಪ್ಪ, ಬೇಟೆಗೆ ಹೋಗ್ತೀಯೋ ಇಸ್ಕೂಲಿಗೆ ಹೋಗ್ತೀಯೋ?" ಅಂದ್ಲು. ನಾವೆಲ್ಲ ನಕ್ಕುಬಿಟ್ಟೆವು. ಹುಡುಗನ ಮುಖ ಸಣ್ಣದಾಯ್ತು. "ಮತ್ತೇನ್ ಮಾಡ್ಲಿ ಅಜ್ಜಿ, ಬೇಡರ ಪಟ್ಟಿ ಎಲ್ಲಿ ಸಿಗುತ್ತೆ?" ಅಂದ. ದೊಡ್ಡವ್ವ ನನ್ನ ಕಡೆ ಕೈ ತೋರಿಸಿ, "ನಿಮ್ಮ ಚಿಕ್ಕವ್ವ ಹೆಣೆದು ಕೊಡ್ತಾಳೆ ಬಿಡು" ಅಂದುಬಿಟ್ಲು.

ನನಗೆ ಬರಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಬರಲ್ಲ ಅಂತ ಗೊತ್ತಿದ್ದೇ ಅಂದಳು ಅಂತ ಈಗ ಅನಿಸುತ್ತೆ.

ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮದು ಮೊಳಕಾಲ್ಮುರು ತಾಲ್ಲೂಕು, ಆ ಕಡೆ ಚಳ್ಳಕೆರೆ. ಬಂಡೆ, ಜಾಲಿ, ಕುರಿ, ಶೇಂಗಾ. ಮೊಳಕಾಲ್ಮುರು ಅನ್ನೋದನ್ನ ಹುಡುಗರು 'ಮೊಲ-ಕಾಲು-ಮೂರು' ಅಂತ ಬಿಡಿಸಿ ತಮಾಷೆ ಮಾಡ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಮಾತು ನಮ್ಮೂರವರನ್ನ ನೋಡೇ ಹುಟ್ಟಿದ್ದು ಅಂತ ನಮ್ಮನೆಯವರು ನನ್ನ ಮ್ಯಾಲೆ ಹಾಕ್ತಿರ್ತಾರೆ. ಮೊಲದ ಬೇಟೆ ಮಾತ್ರ ತಮಾಷೆ ಅಲ್ಲ. ಹಿಂದೆ ಯುಗಾದಿ ಆದ ಮ್ಯಾಲೆ ಊರ ಗಂಡಸರೆಲ್ಲ ಬಲೆ, ಬಡಿಗೆ, ನಾಯಿ ಕಟ್ಟಿಕೊಂಡು ಬೇಟೆಗೆ ಹೋಗೋರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಅದು ಅಪರಾಧ ಆಯ್ತು, ಆಗಿದ್ದೂ ಒಳ್ಳೇದೇ. ಈಗ ಮೊಲ ಹೊಡೆದ್ರೆ ಜೈಲು. ನಮ್ಮ ಹುಡುಗರು ಬೇಟೆ ಆಡೋದು ನಾಟಕದಲ್ಲಿ ಮಾತ್ರ. ಅದಕ್ಕೂ ಪಟ್ಟಿ ಬೇಕಲ್ಲ.

ಕೆಲಸ ಮೈಮ್ಯಾಲೆ ಬಿದ್ದ ಮ್ಯಾಲೆ ನಾನು ಒಂದು ಲೆಕ್ಕ ಹಾಕಿದೆ. ಬೇಟೆ ಅಂದ್ರೆ ನಮಗೆ ಬಿಲ್ಲು, ಬಾಣ, ಈಟಿ ನೆನಪಾಗುತ್ತೆ. ಆದ್ರೆ ಬಿಲ್ಲಿಗೆ ಹೆದೆ ಬೇಕು. ಬತ್ತಳಿಕೆಗೆ ಪಟ್ಟಿ ಬೇಕು. ಬಲೆ ಪೂರ್ತಿ ದಾರವೇ. ಉರುಲು ಅಂದ್ರೆ ಹುರಿಯೇ. ನಾಯಿಗೆ ಕುತ್ತಿಗೆ ಪಟ್ಟಿ. ಹೊಡೆದ ಪ್ರಾಣೀನ ಕೋಲಿಗೆ ಕಟ್ಟಿ ಹೊರೋದಕ್ಕೆ ಹಗ್ಗ. ಕವಣೆ ಅಂತೂ ಹೆಣಿಗೆ ಬಿಟ್ಟರೆ ಇನ್ನೇನೂ ಅಲ್ಲ, ಕಲ್ಲು ದಾರೀಲಿ ಬಿದ್ದಿರುತ್ತೆ. ಅರ್ಧಕ್ಕೆ ಅರ್ಧ ಬೇಟೆ ನಾರಲ್ಲೇ ಐತೆ ಕಣ್ರೇ. ಆ ನಾರು ಹೊಸೆದೋರು ಯಾರು?

ಈ ಪ್ರಶ್ನೆ ತಲೇಲಿ ಇಟ್ಟುಕೊಂಡೇ ಆ ಭಾನುವಾರ ಮಕ್ಕಳನ್ನ ಕರಕೊಂಡು ಬ್ರಹ್ಮಗಿರಿಗೆ ಹೋದೆ. ಸಿದ್ದಾಪುರದ ಹತ್ರ, ನಮಗೆ ದೂರ ಏನಿಲ್ಲ. ಹತ್ರ ಇದ್ದಿದ್ದಕ್ಕೇ ನಾನು ಮದುವೆ ಆದಮ್ಯಾಲೆ ಒಂದ್ಸಲಾನೂ ಹೋಗಿರಲಿಲ್ಲ. ಅಲ್ಲಿನ ಬಂಡೆ ಮ್ಯಾಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ ಐತೆ. 1892ರಲ್ಲಿ ಬಿ.ಎಲ್. ರೈಸ್ ಅನ್ನೋರು ಇದನ್ನ, ಸಿದ್ದಾಪುರದ್ದನ್ನ, ಜಟಿಂಗ ರಾಮೇಶ್ವರದ ಬೆಟ್ಟದ್ದನ್ನ, ಮೂರನ್ನೂ ಪತ್ತೆ ಮಾಡಿದ್ರು. (ಜಟಿಂಗ ರಾಮೇಶ್ವರ ನಿಮಗೆಲ್ಲ ಗೊತ್ತು, ರಾವಣನ ಜೊತೆ ಹೋರಾಡಿ ಜಟಾಯು ಬಿದ್ದ ಜಾಗ ಅಂತ ನಮ್ಮ ಹಿರಿಯರು ಹೇಳ್ತಾರಲ್ಲ, ಅದೇ ಬೆಟ್ಟ.) ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಇಸಿಲ ಅಂದ್ರೆ ನಮ್ಮ ಈ ಜಾಗವೇ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮೂರಿಗೂ ಸರ್ಕಾರಿ ಪತ್ರ ಬರ್ತಿತ್ತು ಅಂತಾಯ್ತು.

ಆ ಶಾಸನದಲ್ಲಿ ಏನೈತೆ ಅಂದ್ರೆ, ಅಪ್ಪ ಅವ್ವನ ಮಾತು ಕೇಳಬೇಕು, ಹಿರಿಯರಿಗೆ ನಡಕೋಬೇಕು, ಗುರುವಿಗೆ ಮರ್ಯಾದೆ ಕೊಡಬೇಕು, ಸತ್ಯ ಹೇಳಬೇಕು. ಪ್ರಾಣಿಗಳ ಮ್ಯಾಲೆ ದಯೆ ಇರಬೇಕು ಅಂತಲೂ ಐತೆ. ಬೇಟೆಗಾರರ ಸೀಮೆಗೆ ಬಂದು, ಬೇಟೆಗಾರರ ಬಂಡೆ ಮ್ಯಾಲೇ ಈ ಮಾತು! ನಮ್ಮ ಹುಡುಗ ಅದನ್ನ ಕೇಳಿ, "ಹಂಗಾದ್ರೆ ಚಿಕ್ಕವ್ವ, ಇಲ್ಲಿಯವರು ಬೇಟೆ ಬಿಟ್ರಾ?" ಅಂದ. ಎಲ್ಲಿ ಬಿಡ್ತಾರೆ. ಚಿತ್ರದುರ್ಗ ಆಳಿದ ಪಾಳೆಗಾರರೇ ಬೇಡ ನಾಯಕರ ಕುಲದವರು. ದನ ಸಾಕೋ, ಬೇಟೆ ಆಡೋ ಮ್ಯಾಸ ನಾಯಕರು ಈ ಸುತ್ತಿನಲ್ಲೇ ಇದ್ದೋರು, ಈಗಲೂ ಇರೋರು.

ಆ ಬರಹದ ಕೊನೇಲಿ ಬರೆದವನ ಹೆಸರೂ ಐತೆ, ಚಪಡ ಅಂತ. ಎಲ್ಲಾನೂ ಬ್ರಾಹ್ಮಿ ಲಿಪೀಲಿ ಕೊರೆದು, 'ಲಿಪಿಕಾರ' ಅನ್ನೋ ಅರ್ಥದ ಕೊನೆಯ ಮಾತೊಂದನ್ನ ಖರೋಷ್ಠೀಲಿ, ಅಂದ್ರೆ ವಾಯವ್ಯದ ಕಡೆ ಬಲದಿಂದ ಎಡಕ್ಕೆ ಬರೆಯೋ ಲಿಪೀಲಿ ಹಾಕಿದ್ದಾನೆ. ನನಗೆ ಇದು ಬಲು ಇಷ್ಟ ಆಯ್ತು. ಸೆರಗಿನ ಅಂಚಿಗೆ ನಮ್ಮದೊಂದು ಗಂಟು ಹಾಕ್ದಂಗೆ.

ಬಂಡೆಯಿಂದ ಸ್ವಲ್ಪ ಆಚೆಗೆ ಹಳೇ ಊರು ಇದ್ದ ಜಾಗ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1940ರ ದಶಕದ ಶುರುವಿನಲ್ಲಿ ಅಗೆಸಿದ್ರು. ಆಮ್ಯಾಕೆ 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಮಾರ್ಟಿಮರ್ ವೀಲರ್ ಬಂದು ಅಗೆಸಿದ್ರು. ಮೂರು ಕಾಲದ ಜನ ಒಬ್ಬರ ಮ್ಯಾಲೊಬ್ಬರು ಬದುಕಿದ್ದು ಮಣ್ಣಿನ ಪದರದಲ್ಲೇ ಕಂಡಿತು. ಎಲ್ಲಕ್ಕಿಂತ ಕೆಳಗೆ ನಯ ಮಾಡಿದ ಕಲ್ಲಿನ ಕೊಡಲಿಯವರು, ಅದರ ಮ್ಯಾಲೆ ದೊಡ್ಡ ಕಲ್ಲು ನಿಲ್ಲಿಸಿ ಗೋರಿ ಕಟ್ಟಿದ ಕಬ್ಬಿಣದ ಕಾಲದವರು, ಮೇಲ್ಗಡೆ ಆಂಧ್ರ ಸಾತವಾಹನರ ಕಾಲದವರು. ಕೊಡಲಿಯವರು ಎಳೆಗೂಸು ಸತ್ತರೆ ಮಡಕೇಲಿ ಇಟ್ಟು ಮನೆಗಳ ನಡುವೆಯೇ ಹೂಳ್ತಿದ್ರಂತೆ. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಬ್ಬಿಣದವರ ಗೋರಿಗಳಲ್ಲಿ ಬಾಣದ ಮೊನೆ, ಈಟಿ, ಕುಡುಗೋಲು ಸಿಕ್ಕಿವೆ. ಕೊಡಲಿಯವರ ಪದರದಲ್ಲಿ ಬೆರಳುಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳೂ ಸಿಕ್ಕಿವೆ. ಅಲಗು ಮರಕ್ಕೆ ಕೂರಬೇಕಾದ್ರೆ ಅಂಟು ಬೇಕು, ಸುತ್ತೋದಕ್ಕೆ ದಾರ ಬೇಕು. ಬಾಣದ ಮೊನೆ ಸಿಕ್ಕಿದ ಮ್ಯಾಲೆ ಬಿಲ್ಲಿತ್ತು, ಬಿಲ್ಲಿತ್ತು ಅಂದ್ಮ್ಯಾಲೆ ಹೆದೆ ಇತ್ತು. ಹೆದೆ ಎಲ್ಲಿ? ಮಣ್ಣಾಯ್ತು. ನಮ್ಮ ನೆಲದ ಕಥೆ ನಿಮಗೆ ಗೊತ್ತಲ್ಲ, ಒಂದು ಮಳೆ, ನಾಲ್ಕು ಬಿಸಿಲು, ಮತ್ತೆ ಮಳೆ. ಹಂಗೆ ನೆಂದು ಒಣಗಿ ನೆಂದು ಒಣಗಿ ನಾರು, ಉಣ್ಣೆ, ತೊಗಲು ಏನೂ ಉಳಿಯಲ್ಲ. ನಮ್ಮನೆ ಹಿತ್ತಲಲ್ಲಿ ಬಿದ್ದ ಹಳೇ ಕಂಬಳಿ ಮೂರು ವರ್ಷಕ್ಕೆ ಗೆದ್ದಲು ತಿಂದು ಪುಡಿ ಆಗಿತ್ತು, ಇನ್ನು ಮೂರು ಸಾವಿರ ವರ್ಷಕ್ಕೆ ಕೇಳಬೇಕಾ?

ಎಲ್ಲೋ ಅಪರೂಪಕ್ಕೆ ಉಳಿಯುತ್ತೆ. ಮಹಾರಾಷ್ಟ್ರದ ನೆವಾಸಾ ಅನ್ನೋ ಕಡೆ ತಾಮ್ರದ ಕಾಲದ ಒಂದು ಮಗುವಿನ ಸಮಾಧೀಲಿ, ಕುತ್ತಿಗೇಲಿ ತಾಮ್ರದ ಮಣಿ ಸರ ಇತ್ತು. ತಾಮ್ರದ ಕಿಲುಬು ಹತ್ತಿದ್ದರಿಂದ ಮಣಿ ಪೋಣಿಸಿದ ದಾರ ಉಳಕೊಂಡಿತ್ತು, ನೋಡಿದ್ರೆ ರೇಷ್ಮೆ, ಹತ್ತಿ. ಈಜಿಪ್ಟಿನ ಮರಳುಗಾಡಲ್ಲಿ ಅಷ್ಟು ಕಷ್ಟ ಇಲ್ಲ. 1922ರಲ್ಲಿ ತೂತಾಂಖಾಮನ್ ಅನ್ನೋ ಎಳೇ ವಯಸ್ಸಿನ ರಾಜನ ಗೋರಿ ತೆಗೆದಾಗ ಬಂಗಾರದ ಜೊತೆಗೆ ಅಗಸೆ ನಾರಲ್ಲಿ ಹೆಣೆದ ಕವಣೆಯೂ ಸಿಕ್ಕಿತು, ಬೆರಳಿಗೆ ಹಾಕೋ ಕುಣಿಕೆ ಸಮೇತ. ಸುಮಾರು ಮೂರು ಸಾವಿರದ ಮುನ್ನೂರು ವರ್ಷದ್ದು. ಅದರ ಚಿತ್ರ ನೋಡಿ ನಾನು ದೊಡ್ಡವ್ವನಿಗೆ ಮೊಬೈಲಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಇದು ನಮ್ಮವ್ವಂದೇ ಕಣೇ" ಅಂದ್ಲು.

ಅದೇ ನನ್ನ ಎದೆಗೆ ಚುಚ್ಚಿದ್ದು. ಯಾಕೆ ಅಂದ್ರೆ ನಮ್ಮಜ್ಜಿ ಕವಣೇನ ಕಳೆದೋಳು ನಾನೇ.

ಅಜ್ಜಿ ಕಾಲದಲ್ಲಿ ನಮ್ಮ ಹೊಲದಲ್ಲಿ ಜೋಳ, ಸಜ್ಜೆ, ನವಣೆ ಬೆಳೀತಿದ್ರು. ತೆನೆ ಹಾಲುಗಾಳು ಕಟ್ಟಿದಾಗ ಗುಬ್ಬಿ, ಗಿಳಿ, ಬೆಳವ ಮುತ್ತಿಕೊಳ್ಳೋವು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ ಕಟ್ಟಿ, ಅದರ ಮ್ಯಾಲೆ ಹೆಂಗಸರು ನಿಂತು ಕವಣೆ ಬೀಸೋರು. ಗಂಡಸರಿಗೆ ಬೇಟೆ ವರ್ಷಕ್ಕೊಂದು ಸಲ, ಹೆಂಗಸರಿಗೆ ಕವಣೆ ಬೆಳಗ್ಗೆ ಸಾಯಂಕಾಲ. ಅಜ್ಜಿ ಕವಣೆ ಬೀಸೋದನ್ನ ನಾನು ಕಣ್ಣಾರೆ ನೋಡಿದೀನಿ. ಕುಣಿಕೇನ ಬಲಗೈ ಬೆರಳಿಗೆ ಸಿಗಿಸಿ, ಇನ್ನೊಂದು ತುದೀನ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ನಡುವಿನ ಅಗಲ ಪಟ್ಟೀಲಿ ಕಲ್ಲು ಕೂರಿಸಿ, ತಲೆ ಮ್ಯಾಲೆ ಒಂದೇ ಸುತ್ತು. ಹೆಬ್ಬೆರಳು ಬಿಟ್ಟರೆ ಚಟೀರ್ ಅಂತ ಸದ್ದು. ಅರ್ಧ ಹಕ್ಕಿ ಸದ್ದಿಗೇ ಎದ್ದು ಹೋಗೋವು. "ಕಲ್ಲು ಹಕ್ಕಿಗಲ್ಲ, ಹಕ್ಕಿ ಪಕ್ಕದ ಗಾಳಿಗೆ" ಅನ್ನೋಳು ಅಜ್ಜಿ. ಆದ್ರೆ ಗುರಿ ಇಟ್ಟರೆ ತಪ್ಪುತ್ತಿರಲಿಲ್ಲ. ಒಂದು ಸಲ ನೆಲಕ್ಕೆ ಇಳಿದಿದ್ದ ಹದ್ದಿನ ಬಾಯಿಂದ ಕೋಳಿಮರಿ ಬಿಡಿಸಿದ್ಲು.

ಆ ಕವಣೆ ಕರೀ ಉಣ್ಣೇದು, ಒಳಗೆ ಪುಂಡಿ ನಾರು. ಅಜ್ಜಿ ತವರು ಕಂಬಳಿ ನೇಯೋರ ಮನೆ, ಅಲ್ಲಿ ಕಲಿತಿದ್ಲು. ಆಮ್ಯಾಕೆ ನಮ್ಮ ಹೊಲಕ್ಕೆ ಶೇಂಗಾ ಬಂತು, ಚಳ್ಳಕೆರೇಲಿ ಎಣ್ಣೆ ಮಿಲ್ಲು ಒಂದರ ಹಿಂದೊಂದು ಬಂದವು. ನೆಲದೊಳಗಿನ ಕಾಯಿಗೆ ಗುಬ್ಬಿ ಕಾಟ ಇಲ್ಲ. ಅಟ್ಟ ಕಿತ್ತು ಸೌದೆಗೆ ಹಾಕಿದ್ರು. ಕವಣೆ ದನದ ಕೊಟ್ಟಿಗೇಲಿ ಹಳೇ ಕಣ್ಣಿ, ಮೂಗುದಾಣದ ಜೊತೆ ಗೂಟಕ್ಕೆ ತೂಗಾಡ್ತಾ ಇತ್ತು. ಅಜ್ಜಿ ಹೋದ ಮ್ಯಾಲೆ, ಕೊಟ್ಟಿಗೆ ಕೆಡವಿ ಹೊಸ ಮನೆ ಕಟ್ಟೋವಾಗ, ಧೂಳು ಹಿಡಿದ ಹಗ್ಗದ ಗಂಟೆಲ್ಲ ಒಟ್ಟುಮಾಡಿ ಬೆಂಕಿಗೆ ಹಾಕಿದೋಳು ನಾನು. ಉಣ್ಣೆ ಸುಟ್ಟ ವಾಸನೆ ಬಂತು. ಕೂದಲು ಸುಟ್ಟಂಗೆ. ಆಗಲೂ ನನಗೆ ತಿಳೀಲಿಲ್ಲ. ದೊಡ್ಡವ್ವ ಬಂದು, "ಅವ್ವನ ಕವಣೆ ಎಲ್ಲೇ?" ಅಂದಾಗಲೇ ತಿಳಿದದ್ದು. ಅವಳು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಂಗಾಗಿ ಪಟ್ಟಿ ಹೆಣೆ ಅಂದಾಗ ನಾನು ಇಲ್ಲ ಅನ್ನಲಾಗಲಿಲ್ಲ.

ಹಳೇ ಕಾಲದ ಬೇಟೆಗಾರರ ಹತ್ರ ಎಂಥ ಪಟ್ಟಿ ಇತ್ತು ಅಂತ ಹುಡುಕೋಕೆ ಹೋದರೆ, ಕಲ್ಲಲ್ಲೂ ಪುಸ್ತಕದಲ್ಲೂ ಬೇಟೆ ಬೇಕಾದಷ್ಟು ಸಿಗುತ್ತೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಬೇಟೆ ವಿಚಾರ ವಿಸ್ತಾರವಾಗಿ ಬರೆಸಿದ್ದಾನೆ. ಬೇಲೂರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆ ಅವಳೆ, ಬೇಟೆಗೂ ಹೆಂಗಸರು ಹೋಗ್ತಿದ್ರು ಅನ್ನೋದಕ್ಕೆ ಅವಳೇ ಸಾಕ್ಷಿ ಅಂತ ನಾನು ನಂಬಿದೀನಿ. ಮಂಡ್ಯ ಸೀಮೆಯ ಆತಕೂರಲ್ಲಿ ಒಂದು ಕಲ್ಲು ಇತ್ತು, ಈಗ ಬೆಂಗಳೂರು ಮ್ಯೂಸಿಯಮ್ಮಲ್ಲಿ ಐತೆ, ಕ್ರಿ.ಶ. 949-50ರದ್ದು. ಕಾಳಿ ಅನ್ನೋ ಬೇಟೆನಾಯಿದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ, ಅವನು ಹೊನ್ನು ಕೇಳಲಿಲ್ಲ, ಕಾಳೀನ ಕೊಡಿ ಅಂದನಂತೆ. ಆ ನಾಯಿ ದೊಡ್ಡ ಹಂದಿ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಗೆ ಕಲ್ಲು ನಿಲ್ಲಿಸಿದ್ದು ನನಗೆ ಸಂತೋಷವೇ. ಅದರ ಕುತ್ತಿಗೆಗೆ ಪಟ್ಟಿ ಹೆಣೆದೋರ ಹೆಸರು ಮಾತ್ರ ಎಲ್ಲೂ ಇಲ್ಲ.

ನಮ್ಮ ದುರ್ಗದ ಓಬವ್ವನ ಹೆಸರು ಉಳೀತು. ಒನಕೆ ಹಿಡಿದು ಹೈದರಾಲಿ ಸೈನಿಕರನ್ನ ಹೊಡೆದಳು, ಅದಕ್ಕೆ ಒನಕೆ ಓಬವ್ವ. ಅದೇ ಒನಕೇಲಿ ಅವಳು ಅಷ್ಟು ವರ್ಷ ಭತ್ತ, ನವಣೆ ಕುಟ್ಟಿದ್ದಕ್ಕೆ ಯಾರೂ ಹೆಸರಿಡಲಿಲ್ಲ, ಅಲ್ವೇನ್ರೇ?

ಸರಿ, ಪಟ್ಟಿ ವಿಚಾರಕ್ಕೆ ಬರ್ತೀನಿ. ಮೊದಲು ಉಣ್ಣೆ. ನಮ್ಮ ಕಡೆ ಕರೀ ಡೆಕ್ಕನಿ ಕುರಿ, ವರ್ಷಕ್ಕೆ ಎರಡು ಸಲ ಕತ್ತರಿಸೋ ಉಣ್ಣೆ. ಹೇಳೋಕೆ ಹಂಗೆ, ಸಿಗೋದು ಕಷ್ಟ ಆಗೈತೆ. ಈಗ ಕುರಿ ಸಾಕೋರು ಮಾಂಸಕ್ಕೆ ತೂಕ ಬರೋ, ಉಣ್ಣೆ ಇಲ್ಲದ ಜಾತಿ ಕುರೀನೇ ಕಟ್ಟುತಾರೆ. ಉಣ್ಣೆ ಮಾರಿದ ದುಡ್ಡು ಕತ್ತರಿಸಿದೋರ ಕೂಲಿಗೂ ಸಾಲಲ್ಲ ಅಂತಾರೆ, ತಪ್ಪಿಲ್ಲ. ಮೇಯಿಸೋ ಜಾಗವೂ ಕಡಿಮೆ ಆಯ್ತು. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಕ್ಕೆ ಅಂತ ಬಿಟ್ಟಿದ್ದ ಕಾವಲು ಚಳ್ಳಕೆರೆ ತಾಲ್ಲೂಕಲ್ಲಿ ದೊಡ್ಡದು, ನಮ್ಮ ಕುರಿಗಳೂ ಅಲ್ಲೇ ಮೇಯೋವು. 2008ರಿಂದ ಈಚೆಗೆ ಕುದಾಪುರ, ಉಳ್ಳಾರ್ತಿ ಕಡೆ ಸುಮಾರು 10,000 ಎಕರೆ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ, ಅಣುಶಕ್ತಿ, ಬಾಹ್ಯಾಕಾಶದವರಿಗೆ ಹೋಯ್ತು. ಗೋಡೆ ಎದ್ದವು. ವಿಚಾರ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ದೇಶಕ್ಕೆ ವಿಜ್ಞಾನ ಬೇಕು, ನಾನು ಇಲ್ಲ ಅನ್ನಲ್ಲ. ಆದ್ರೆ ಕಂಬಳಿ ನೇಯೋ ಮನೆಯವರಿಗೆ ಹುಲ್ಲುಗಾವಲೇ ಮಗ್ಗದ ಮೊದಲ ಎಳೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ ಅನ್ನೋದು ನನ್ನ ಸಂಕಟ.

ಕೊನೆಗೆ ಅಜ್ಜಿ ತವರಿನ ಕಡೆಯವರೇ ಒಂದು ಚೀಲ ಉಣ್ಣೆ ಕೊಟ್ಟರು. ಎಕ್ಕಿದ್ದು ಅಲ್ಲ, ಮುಳ್ಳು, ಹಿಕ್ಕೆ ಸಮೇತ. ತೊಳೆದು ಒಣಗಿಸಿ ಎಕ್ಕಬೇಕು. ಎಕ್ಕೋದು ಅಂದ್ರೆ ಬಿಲ್ಲಿನ ನರಾನ ಉಣ್ಣೆ ಗುಡ್ಡೇಲಿ ಇಟ್ಟು ಮೀಟೋದು, ಎಳೆ ಎಳೆ ಬಿಡಿಸಿಕೊಂಡು ಮೋಡದಂಗೆ ಏಳುತ್ತೆ. ನೋಡಿ, ಬೇಟೆಗೂ ಬಿಲ್ಲು, ಉಣ್ಣೆಗೂ ಬಿಲ್ಲು. ಅವರ ಮನೇಲಿ ಆ ಬಿಲ್ಲು ಇನ್ನೂ ಐತೆ. ಅಲ್ಲೇ ಎಕ್ಕಿಸಿ, ಹಂಜಿ ಮಾಡಿಸಿಕೊಂಡು ಬಂದೆ.

ಕದಿರಲ್ಲಿ ನೂಲೋದನ್ನ ದೊಡ್ಡವ್ವ ಮಾಡಿದ್ಲು. ಕೈ ನಡುಗುತ್ತೆ, ತುತ್ತು ಎತ್ತುವಾಗ ಅನ್ನ ಚೆಲ್ಲುತ್ತೆ, ಆದ್ರೆ ಕದಿರು ಹಿಡಿದ ಮ್ಯಾಲೆ ನಡುಕ ಇಲ್ಲ! ಇದು ಹೆಂಗೆ ಅಂತ ಡಾಕ್ಟರನ್ನೇ ಕೇಳಬೇಕು. ಎರಡು ನೂಲು ಸೇರಿಸಿ ಹುರಿ ಮಾಡೋದು ನನಗೆ ಬಿಟ್ಟಳು. ಅದು ನಿಮಗೆಲ್ಲ ಬರೋದೇ, ದೀಪಕ್ಕೆ ಬತ್ತಿ ಹೊಸೀತೀವಲ್ಲ ಹಂಗೆ, ತೊಡೆ ಮ್ಯಾಲೆ. ಒಂದು ವಿಚಾರ ಮಾತ್ರ ನೆನಪಿಡಬೇಕು. ನೂಲುವಾಗ ಯಾವ ಕಡೆ ತಿರುಚಿದೀವೋ, ಹುರಿ ಮಾಡುವಾಗ ಅದರ ವಿರುದ್ಧಕ್ಕೆ ಹೊಸೀಬೇಕು. ಆಗ ಒಂದು ಬಿಚ್ಚೋಕೆ ನೋಡಿದ್ರೆ ಇನ್ನೊಂದು ಬಿಗಿ ಮಾಡುತ್ತೆ. ಒಂದೇ ಕಡೆಗೆ ಹೊಸೆದ್ರೆ ಕೈಬಿಟ್ಟ ತಕ್ಷಣ ಸುರುಳಿ ಸುತ್ತಿ ಗಂಟಾಗುತ್ತೆ. ನಾನು ಮೊದಲ ಸಲ ಒಂದೇ ಕಡೆಗೆ ಹೊಸೆದು, ಮುಂಜಾನೆ ಪೂರ್ತಿ ಗಂಟು ಬಿಡಿಸಿದೆ.

ಹೆಣಿಗೆಗೆ ಒಂಬತ್ತು ಹುರಿ. ಪಟ್ಟಿ ಐದು ಮೊಳ ಬೇಕು ಅಂದ್ರೆ ಹುರಿ ಎಂಟು ಮೊಳ ಇರಬೇಕು, ಹೆಣೀತಾ ಹೆಣೀತಾ ಗಿಡ್ಡ ಆಗುತ್ತೆ. ಒಂಬತ್ತನ್ನೂ ಸೇರಿಸಿ ಒಂದು ಗಂಟು ಹಾಕಿ ಕಿಟಕಿ ಸರಳಿಗೆ ಕಟ್ಟಬೇಕು. ನಮ್ಮ ಜಡೆ ಮೂರೆಳೆದು, ಇದೂ ಜಡೆಯ ಅಕ್ಕನೇ. ಬಲಕ್ಕೆ ಐದು, ಎಡಕ್ಕೆ ನಾಲ್ಕು ಬಿಡಿಸಿಕೊಳ್ಳಿ. ಐದಿರೋ ಕಡೆಯ ಅಂಚಿನ ಎಳೆ ತಗೊಂಡು ಒಂದರ ಮ್ಯಾಲೆ, ಒಂದರ ಕೆಳಗೆ, ಮತ್ತೆ ಮ್ಯಾಲೆ, ಮತ್ತೆ ಕೆಳಗೆ ಹಾಯಿಸಿ ನಡುವಿಗೆ ತರಬೇಕು. ಅದು ಈಗ ಎಡದವರ ಜೊತೆ ಸೇರಿತು, ಎಡಕ್ಕೆ ಐದಾಯ್ತು. ಈಗ ಎಡದ ಅಂಚಿನ ಎಳೆ, ಅದೇ ಥರ. ಅಷ್ಟೇ. ಯಾವಾಗಲೂ ಐದಿರೋ ಕಡೆಯಿಂದ ತಗೋಬೇಕು, ಅದೊಂದು ತಪ್ಪದಿದ್ರೆ ಬೇರೇನೂ ತಪ್ಪಲ್ಲ. ಪ್ರತಿ ಸುತ್ತಿಗೂ ಎರಡೂ ಕೈಲಿ ಬದಿಗೆ ಎಳೆದು ಬಿಗಿ ಮಾಡಬೇಕು. ಎರಡು ಬೆರಳು ಅಗಲದ ಚಪ್ಪಟೆ ಪಟ್ಟಿ ಬರುತ್ತೆ, ಮೈ ಮ್ಯಾಲೆ ಬಾಣದ ಮೊನೆಯಂಗೆ ಗೆರೆ ಬೀಳುತ್ತೆ.

ಮೂರು ದಿನದಲ್ಲಿ ಪಟ್ಟಿ ಆಯ್ತು. ನನಗೆ ಹಿಗ್ಗೋ ಹಿಗ್ಗು. ಹುಡುಗ ಬತ್ತಳಿಕೆಗೆ ಕಟ್ಟಿಕೊಂಡು ತಾಲೀಮಿಗೆ ಹೋದ. ರಾತ್ರಿ ವಾಪಸ್ ಬಂದಾಗ ಬತ್ತಳಿಕೆ ಮೊಣಕಾಲ ಹತ್ರ ತೂಗಾಡ್ತಿತ್ತು. ಉಣ್ಣೆ ಎಳೆದಂಗೆ ಎಳೆದಂಗೆ ಉದ್ದ ಆಗೈತೆ. ತಾಲೀಮಲ್ಲಿ ಎಲ್ಲರೂ, "ಕಣ್ಣಪ್ಪ, ಬತ್ತಳಿಕೆ ಅಲ್ಲ ಅದು, ಹಾಲಿನ ಕ್ಯಾನು" ಅಂದರಂತೆ.

ದೊಡ್ಡವ್ವನಿಗೆ ಮೊದಲೇ ಗೊತ್ತಿತ್ತು. "ಒಳಗೆ ನಾರು ಹಾಕಿದ್ಯೇನೇ?" ಅಂದ್ಲು. ನಾನು ಹಾಕಿರಲಿಲ್ಲ, ಅವಳೂ ಹೇಳಿರಲಿಲ್ಲ. ಹೇಳಿದ್ರೆ ಮರೀತಿದ್ದೆ, ಕೆಟ್ಟರೆ ಮರೆಯಲ್ಲ ಅನ್ನೋದು ಅವಳ ಲೆಕ್ಕ. ಅಜ್ಜಿ ಕವಣೇಲಿ ಪುಂಡಿ ನಾರು ಯಾಕಿತ್ತು ಅನ್ನೋದು ಆವತ್ತು ಗೊತ್ತಾಯ್ತು. ಉಣ್ಣೆ ಕೈಗೆ ಮೆತ್ತಗೆ, ಹೆಗಲಿಗೆ ಒತ್ತಲ್ಲ, ಆದ್ರೆ ಎಳೀತದೆ. ನಾರು ಎಳೆಯಲ್ಲ, ಆದ್ರೆ ಕುಯ್ಯುತ್ತೆ. ಎರಡೂ ಕೂಡಿದ್ರೇನೇ ಪಟ್ಟಿ. ಅದಕ್ಕೇ ಹಳೇ ಕಾಲದವರು ಬಿಲ್ಲಿನ ಹೆದೆಗೆ ಉಣ್ಣೆ ಮುಟ್ಟುತಿರಲಿಲ್ಲ, ಗಟ್ಟಿ ನಾರೇ ಬೇಕು. ನಮ್ಮ ಬೇಲಿಯ ಎಕ್ಕದ ಗಿಡದ ತೊಗಟೆ ನಾರಲ್ಲಿ ಹೆದೆ, ಮೀನಿನ ಬಲೆ ಮಾಡ್ತಿದ್ರು. ಮೂರ್ವೆ ಅನ್ನೋ ಇನ್ನೊಂದು ಗಿಡದ ನಾರಿನ ಹೆದೇನೇ ಕ್ಷತ್ರಿಯ ವಟುವಿಗೆ ಉಡಿದಾರ ಆಗಬೇಕು ಅಂತ ಮನುಸ್ಮೃತೀಲೇ ಐತೆ. ಆ ಗಿಡ ಯಾವುದು ಅಂತೀರಾ? ಬೆಂಗಳೂರಲ್ಲಿ ನಮ್ಮ ತಂಗಿ ಮನೇಲಿ ಕುಂಡದಲ್ಲಿ ಇಟ್ಟಿದ್ದಾಳಲ್ಲ, ಸ್ನೇಕ್ ಪ್ಲಾಂಟು, ಅದರ ಜಾತಿದೇ. ಗಾಳಿ ಶುದ್ಧ ಮಾಡುತ್ತೆ ಅಂತ ದುಡ್ಡು ಕೊಟ್ಟು ತಂದಳು.

ಎರಡನೇ ಪಟ್ಟಿಗೆ ಪ್ರತಿ ಹುರಿ ಒಳಗೂ ಒಂದೆಳೆ ಪುಂಡಿ ನಾರು ಸೇರಿಸಿ ಹೊಸೆದೆ. ತೊಡೆ ಕೆಂಪಗಾಯ್ತು. ಹೆಣೆದು ಮುಗಿಸಿ ಬಿಸಿನೀರಲ್ಲಿ ಅದ್ದಿ, ಒಂದು ತುದೀನ ತೊಲೆಗೆ ಕಟ್ಟಿ, ಇನ್ನೊಂದು ತುದಿಗೆ ರುಬ್ಬುಗುಂಡು ಇಳಿಬಿಟ್ಟೆ. ಅದು ಎಷ್ಟು ಎಳಕೋಬೇಕೋ ಅಷ್ಟೂ ನಮ್ಮನೇಲೇ ಎಳಕೊಳ್ಳಲಿ, ರಂಗದ ಮ್ಯಾಲೆ ಬೇಡ ಅಂತ. ಒಣಗಿದ ಮ್ಯಾಲೆ ಹುಣಸೆಬೀಜದ ಸರಿ ತೆಳ್ಳಗೆ ಬಳಿದೆ, ಕಂಬಳಿಗೆ ಬಳೀತಾರಲ್ಲ ಹಂಗೆ. ಎರಡು ದಿನ ನಮ್ಮನೇಲಿ ಇಡ್ಲಿ ಹಿಟ್ಟು ಮಿಕ್ಸಿಯಲ್ಲೇ.

ನಾಟಕದ ರಾತ್ರಿ ಊರೆಲ್ಲ ಸೇರಿತ್ತು. 1954ರ 'ಬೇಡರ ಕಣ್ಣಪ್ಪ' ಸಿನಿಮಾದಿಂದಲೇ ರಾಜ್‌ಕುಮಾರ್ ನಾಯಕನಟ ಆದದ್ದು, ಹಂಗಾಗಿ ಆ ಪಾತ್ರ ಯಾರು ಮಾಡಿದ್ರೂ ಜನ ಅಣ್ಣಾವ್ರನ್ನೇ ಹುಡುಕ್ತಾರೆ, ಪಾಪ. ನಮ್ಮ ಹುಡುಗ ಎರಡು ಕಡೆ ಮಾತು ಮರೆತ. ಆದ್ರೆ ಕಣ್ಣು ಕೀಳೋ ಜಾಗದಲ್ಲಿ ನನ್ನ ಪಕ್ಕದ ಅತ್ತೆಯವರು ಅತ್ತೇಬಿಟ್ರು. ನಾನು ಕಣ್ಣು ನೋಡ್ತಿರಲಿಲ್ಲ, ಪಟ್ಟಿ ನೋಡ್ತಿದ್ದೆ. ಹೆಗಲಿಂದ ಸೊಂಟಕ್ಕೆ ಕಟ್ಟಿದ ಜಾಗದಲ್ಲೇ ಇತ್ತು, ಒಂದು ಬೆರಳೂ ಇಳೀಲಿಲ್ಲ. ಯಾರೂ ಅದನ್ನ ಗಮನಿಸಲಿಲ್ಲ, ಬತ್ತಳಿಕೆ ಚೆನ್ನಾಗೈತೆ ಅಂದರು ಅಷ್ಟೇ.

ಮಾರನೇ ದಿನ ಡ್ರೆಸ್ಸು ವಾಪಸ್ ಕೊಡುವಾಗ ಹುಡುಗ ನೀಲಿ ಪಟ್ಟಿ ಮತ್ತೆ ಹಾಕಿ ಕೊಟ್ಟ. ಉಣ್ಣೇದನ್ನ ಬಿಚ್ಚಿ ತಂದು ನನ್ನ ಕೈಗಿಟ್ಟ. ಅದು ಈಗ ದೇವರ ಮನೆ ಬಾಗಿಲ ಮೊಳೇಲಿ ಐತೆ.

ಉಣ್ಣೆ ಒಂದಿಷ್ಟು ಮಿಕ್ಕಿತ್ತು. ಪೆರು ದೇಶದ ಬೆಟ್ಟಗಳಲ್ಲಿ ಲಾಮಾ, ಅಲ್ಪಾಕಾ ಮೇಯಿಸೋರು ಈಗಲೂ ಉಣ್ಣೇಲೇ ಕವಣೆ ಹೆಣೆದು ಮಂದೆ ತಿರುಗಿಸ್ತಾರೆ, ವರಾಕ ಅಂತಾರಂತೆ ಅದಕ್ಕೆ. ಇದನ್ನ ದೊಡ್ಡವ್ವನಿಗೆ ಹೇಳಿದೆ. "ಅವರೂ ಕುರಿಯೋರೇ ಬಿಡು" ಅಂದ್ಲು. ಆಮ್ಯಾಕೆ ಸ್ವಲ್ಪ ಹೊತ್ತು ಬಿಟ್ಟು, "ಕವಣೆ ಹೆಣೀತೀಯಾ?" ಅಂದ್ಲು.

ಕವಣೆ ಪಟ್ಟಿಗಿಂತ ಕಷ್ಟ. ಕುಣಿಕೆಯಿಂದ ಶುರು ಆಗುತ್ತೆ, ದುಂಡನೆ ಹುರಿ ಬರುತ್ತೆ, ನಡುವೆ ಕಲ್ಲು ಕೂರೋ ಕಡೆ ಅದೇ ಎಳೆಗಳು ಬಿಚ್ಚಿಕೊಂಡು ಅಗಲ ಆಗಬೇಕು, ಮತ್ತೆ ಕೂಡಿ ದುಂಡಗೆ ಆಗಬೇಕು. ಕತ್ತರಿಸಂಗಿಲ್ಲ, ಗಂಟು ಹಾಕಂಗಿಲ್ಲ. ಆ ಅಗಲ ಆಗೋ ಜಾಗದಲ್ಲಿ ನಾನು ಮೂರು ಸಲ ತಪ್ಪಿದೀನಿ. ನಿನ್ನೆ ಸಾಯಂಕಾಲ ನಾಲ್ಕು ಬೆರಳಷ್ಟು ಹೆಣೆದು ತೋರಿಸಿದೆ, ದೊಡ್ಡವ್ವ ಕಣ್ಣಲ್ಲಿ ನೋಡಲಿಲ್ಲ, ಹೆಬ್ಬೆರಳಲ್ಲಿ ಸವರಿದ್ಲು. "ಇಲ್ಲಿ ಒಂದೆಳೆ ಕೆಳಗೆ ಹೋಗಬೇಕಿತ್ತು" ಅಂತ ನಾಲ್ಕು ಬೆರಳನ್ನೂ ಬಿಚ್ಚಿ, ಕಿಟಕಿ ಸರಳಿಗೆ ಇಳಿಬಿಟ್ಟು ಮಲಗೋಕೆ ಹೋದಳು. ಇವತ್ತು ಮಧ್ಯಾಹ್ನ ಪಾತ್ರೆ ತೊಳೆದ ಮ್ಯಾಲೆ ಮತ್ತೆ ಕೂರಬೇಕು.